ಮನೆಗೆ ಬಂದ ನೋ-ಗೋ ಗೇಜು

ನನ್ನ ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದರು. ಮೆಷಿನ್ನಿನಿಂದ ಇಳಿದ ಪಾರ್ಟಿನ ತೂತಿಗೆ ಗೇಜು ಹಾಕಿ ನೋಡುವುದು ಅವರ ಕೆಲಸ. ಗೇಜೆಂದರೆ ಗೇಣುದ್ದದ ಉಕ್ಕಿನ ಕಡ್ಡಿ. ಅದರ ಒಂದು ತುದಿಗೆ ಗೋ ಎಂದು ಹೆಸರು, ಇನ್ನೊಂದು ತುದಿಗೆ ನೋ-ಗೋ. ಗೋ ತುದಿ ತೂತಿನೊಳಗೆ ಸಲೀಸಾಗಿ ಹೋಗಬೇಕು, ನೋ-ಗೋ ತುದಿ ಹೋಗಲೇಕೂಡದು. ಹಾಗಿದ್ದರೆ ಪಾರ್ಟು ಪಾಸು, ಇಲ್ಲವೆಂದರೆ ಕೆಂಪು ತೊಟ್ಟಿಗೆ. ನಡುವೆ ‘ಇರಲಿ ಬಿಡಿ, ಅಡ್ಜಸ್ಟ್ ಮಾಡಿಕೊಳ್ಳೋಣ’ ಎನ್ನುವ ಮಾತೇ ಇಲ್ಲ. ವರ್ಷಗಟ್ಟಲೆ ಇದೇ ಕೆಲಸ ಮಾಡಿದ ಮನುಷ್ಯ ಮನೆಗೆ ಬಂದು ಸೊಪ್ಪಿನ ಕಟ್ಟನ್ನೂ, ಇಸ್ತ್ರಿಯವನು ತಂದ ಅಂಗಿಯನ್ನೂ ಅದೇ ಕಣ್ಣಿನಲ್ಲಿ ನೋಡುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ನಮ್ಮಿಬ್ಬರ ಸಂಸಾರ ಹೇಗೆ ನಡೆಯಿತೆಂದು ನೀವೇ ಊಹಿಸಿಕೊಳ್ಳಿ.

ಕೆಂಪು ತೊಟ್ಟಿಗೆ ಬಿದ್ದ ಪಾರ್ಟು ಹೊರಗೆ ಬರಲು ಅವರ ಕಾರ್ಖಾನೆಯಲ್ಲಿ ಒಂದೇ ದಾರಿಯಿತ್ತು. ಅದಕ್ಕೆ ಡೀವಿಯೇಷನ್ ಎನ್ನುತ್ತಿದ್ದರು. ಬೇಕೆಂದವರು ಬಂದು, ಯಾಕೆ ಬೇಕು, ಏನಕ್ಕೆ ಬಳಸುತ್ತೀರಿ ಎಂದು ಎಲ್ಲರೆದುರು ಕಾರಣ ಹೇಳಬೇಕು. ಕಾರಣ ಇವರಿಗೆ ಒಪ್ಪಿಗೆಯಾದರೆ ಬಿಡುತ್ತಾರೆ. ಈ ಡೀವಿಯೇಷನ್ ಮುಂದೊಂದು ದಿನ ನನ್ನ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆಂದು ಯಾರಿಗೆ ಗೊತ್ತಿತ್ತು?

ಆಗ ನಾವು ಬಾಗಲಗುಂಟೆಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ನಾನೂ ಪೀಣ್ಯದಲ್ಲೇ ಕೆಲಸಕ್ಕಿದ್ದೆ, ಕಬ್ಬಿಣದ ಸಾಮಾನಿಗೆ ಬಣ್ಣದ ಪುಡಿ ಹಿಡಿಸಿ ಬೇಯಿಸಿ ಕೊಡುವ ಒಂದು ಸಣ್ಣ ಘಟಕದಲ್ಲಿ ಅಕೌಂಟ್ಸ್. ಮಗಳು ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮನೆಯಲ್ಲಿ ನಾನು, ಗಂಡ, ಮಾವ.

ಮಾವ ದಾವಣಗೆರೆ ಕಡೆಯ ಒಂದು ಊರಿನಲ್ಲಿ ಹೆಡ್‌ಮಾಸ್ಟರ್ ಆಗಿದ್ದು ನಿವೃತ್ತರಾದವರು. ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ನೀರು ಮುಟ್ಟುವವರಲ್ಲ. ತಟ್ಟೆಯಲ್ಲಿ ಒಂದಗುಳು ಬಿಡುವವರಲ್ಲ. ಬಡಿಸಿದ್ದು ಪ್ರಸಾದ ಎನ್ನುವುದು ಅವರ ಮಾತು. ಉಂಡ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ, ಆ ನೀರನ್ನೂ ಕುಡಿದು ಏಳುವರು. ನನ್ನ ತವರಿನಲ್ಲೂ ಈ ರೂಢಿಯಿತ್ತು. ಆದರೆ ಇವರಷ್ಟು ಕಟ್ಟುನಿಟ್ಟು ನಾನು ಬೇರೆಲ್ಲೂ ಕಾಣೆ. ಒಮ್ಮೆ ಊರಿಗೆ ಹೊರಟಾಗ ಬಸ್ಸು ಬಿಟ್ಟೇಹೋಗುತ್ತದೆಂದು ನಾವಿಬ್ಬರೂ ಬಡಿದುಕೊಂಡರೂ ಅವರು ತಟ್ಟೆ ತೊಳೆದು ಕುಡಿದೇ ಎದ್ದರು. ಬಸ್ಸು ಹೋಗಿತ್ತು.

ಮನೆಗೆ ಇಂಟರ್ನೆಟ್ ಹಾಕಿಸಿದ್ದೂ ಮಾವನಿಗಾಗಿಯೇ. ಅವರ ಊರ ಕಡೆಯ ಪತ್ರಿಕೆ ಬೆಂಗಳೂರಿನಲ್ಲಿ ಸಿಗುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಓದಬಹುದೆಂದು ಗೊತ್ತಾದಾಗ ಅವರ ಮುಖ ಅರಳಿದ್ದು ನೋಡಿ ಗಂಡ ಮರುದಿನವೇ ಕೇಬಲ್ ಟಿವಿಯವನಿಗೆ ಹೇಳಿದರು. ಅವನು ಮಹಡಿಯಿಂದ ಮಹಡಿಗೆ ಬಟ್ಟೆ ಒಣಹಾಕುವ ಹಗ್ಗದ ಪಕ್ಕದಲ್ಲೇ ತಂತಿ ಎಳೆದು ನೆಟ್ ಕೊಟ್ಟ. ಬೆಳಿಗ್ಗೆ ನಾವು ಕೆಲಸಕ್ಕೆ ಹೋದ ಮೇಲೆ ಮಾವ ಹಾಲಿನಲ್ಲಿ ಕಂಪ್ಯೂಟರಿನ ಮುಂದೆ ಕೂತು, ಮೌಸನ್ನು ಮೊಟ್ಟೆ ಹಿಡಿದಂತೆ ಹಿಡಿದು, ತಮ್ಮೂರಿನ ಸುದ್ದಿ ಓದುತ್ತಿದ್ದರು.

ತೊಂದರೆ ಏನೆಂದರೆ, ಆ ನೆಟ್ ಮನಸ್ಸು ಬಂದಾಗ ಬರುವುದು, ಇಲ್ಲದಾಗ ಇಲ್ಲ. ರೂಟರಿನ ದೀಪವೇನೋ ಹಸಿರಾಗಿ ಮಿಣುಕುತ್ತಿತ್ತು, ಪುಟ ಮಾತ್ರ ತೆರೆಯದು. ಸರ್ವರ್ ಸಿಗಲಿಲ್ಲ ಎಂದು ಬರುವುದು. ಫೋನ್ ಮಾಡಿದರೆ ಕೇಬಲಿನವನು, ನೆಟ್ ಬರ್ತಿದೆ ಅಕ್ಕ, ನಿಮ್ಮ ಸಿಸ್ಟಮ್ ತೋರಿಸಿಕೊಳ್ಳಿ ಎನ್ನುವನು. ನಾನು ಬೈದೆ, ಅವನು ಮತ್ತೆ ಅಕ್ಕ ಎಂದ. ಅಕ್ಕ ಅಕ್ಕ ಎನ್ನುತ್ತಲೇ ಮೈ ಉರಿಸುವ ಕಲೆ ಅವನಿಗೆ ಸಿದ್ಧಿಸಿತ್ತು.

ನಮ್ಮ ಆಫೀಸಿಗೆ ಪ್ರಿಂಟರ್ ರಿಪೇರಿಗೆ ಬರುತ್ತಿದ್ದವನ ಹತ್ತಿರ ಇದನ್ನು ಹೇಳಿಕೊಂಡೆ. ಅವನು ಹೇಳಿದ್ದು ನನಗೆ ಈಗಲೂ ನೆನಪಿದೆ. ಪೀಣ್ಯದಲ್ಲಿ ಹೊಸಬರೊಬ್ಬರು ಒಂದು ಕಾರ್ಖಾನೆ ಹುಡುಕಬೇಕಾದರೆ ಏನು ಮಾಡುತ್ತಾರೆ? ಮೂಲೆಯ ಟೀ ಅಂಗಡಿಯವನನ್ನು ಕೇಳುತ್ತಾರೆ. ಅವನು ಇಷ್ಟನೇ ಹಂತ, ಇಷ್ಟನೇ ಕ್ರಾಸು, ಇಂಥ ನಂಬರು ಎನ್ನುತ್ತಾನೆ. ಇಂಟರ್ನೆಟ್ಟಿನಲ್ಲೂ ಹಾಗೆಯೇ. ನಾವು ಪತ್ರಿಕೆಯ ಹೆಸರು ಹೊಡೆದರೆ ಅದರ ನಂಬರು ಹೇಳುವವನೊಬ್ಬ ಬೇಕು. ಆ ಕೆಲಸಕ್ಕೆ ಡಿಎನ್‌ಎಸ್ ಎಂದು ಹೆಸರು. ರಸ್ತೆ ಚೆನ್ನಾಗಿದೆ ಮೇಡಂ, ನಿಮ್ಮ ಕೇಬಲಿನವನ ಟೀ ಅಂಗಡಿ ಮುಚ್ಚಿರುತ್ತೆ ಅಷ್ಟೆ ಎಂದ. ಅವನನ್ನೇ ಕೇಳಬೇಕೆಂದಿಲ್ಲ, ಯಾರು ಬೇಕಾದರೂ ಬಳಸಲೆಂದು ದೊಡ್ಡ ದೊಡ್ಡ ಕಂಪನಿಗಳು ಇಟ್ಟಿರುವ ಡಿಎನ್‌ಎಸ್ ಇವೆ, ದುಡ್ಡು ಕೊಡಬೇಕಿಲ್ಲ, ರೂಟರಿನಲ್ಲಿ ನಂಬರು ಬದಲಾಯಿಸಿದರೆ ಸಾಕು ಎಂದೂ ಹೇಳಿದ.

ಮನೆಗೆ ಬಂದು ಗಂಡನಿಗೆ ಹೇಳಿದೆ. ನಾನು ಹೇಳಿದ್ದನ್ನು ತಕ್ಷಣ ಒಪ್ಪುವ ಪೈಕಿಯಲ್ಲ ಅವರು. ಎರಡು ದಿನ ತಾವೇ ಓದಿ, ಆಮೇಲೆ ತಮ್ಮದೇ ಯೋಚನೆ ಎಂಬಂತೆ ನನಗೇ ವಿವರಿಸಿ, ರೂಟರಿನಲ್ಲಿ ಹೊಸ ನಂಬರು ಹಾಕಿದರು. ಬಾಯಿಪಾಠಕ್ಕೆ ಸುಲಭವಾದ, ಎಲ್ಲರೂ ಹಾಕಿಕೊಳ್ಳುತ್ತಿದ್ದ ನಂಬರದು. ಅವತ್ತಿನಿಂದ ಪತ್ರಿಕೆ ಪಟ್ಟೆಂದು ತೆರೆಯತೊಡಗಿತು. ನಾವು ಕೇಳಿದ್ದೆಲ್ಲ ಆ ಕಂಪನಿಗೆ ಗೊತ್ತಾಗುವುದಿಲ್ಲವೇ ಎಂದು ನಾನು ಕೇಳಿದೆ. ಕೇಬಲಿನವನಿಗೆ ಗೊತ್ತಾಗುವುದಕ್ಕಿಂತ ವಾಸಿ, ಅವನಾದರೆ ಕೆಳಗಿನ ಮನೆಯವರಿಗೂ ಹೇಳುತ್ತಾನೆ ಎಂದರು ಗಂಡ. ಆ ಮಾತಿಗೆ ನಾನೂ ನಕ್ಕೆ. ಕೆಲವು ತಿಂಗಳು ಸುಖವಾಗಿದ್ದೆವು.

ಆಮೇಲೆ ಆ ಜಾಹೀರಾತು ಬಂತು.

ಒಂದು ರಜಾದಿನ ಬೆಳಿಗ್ಗೆ ಮಾವ ಹಾಲಿನಲ್ಲಿ ಓದುತ್ತ ಕೂತಿದ್ದರು. ನಾನು ಪಕ್ಕದಲ್ಲೇ ಹುರುಳಿಕಾಯಿ ಸೋಸುತ್ತಿದ್ದೆ. ಊರಿನ ಸುದ್ದಿಯ ಜೊತೆಗೆ ಯಾವುದೋ ಬೇರೆ ಪುಟವನ್ನು ಅವರು ಒತ್ತಿದರೋ ಏನೋ, ಇಡೀ ಪರದೆಯ ತುಂಬ ಒಬ್ಬಳು ಬಂದು ನಿಂತಳು. ಮೈಮೇಲೆ ಬಟ್ಟೆಯೆಂಬುದು ಲೆಕ್ಕಕ್ಕೆ ಮಾತ್ರ. ಮಾವ ಮೌಸನ್ನು ಅತ್ತ ಎಳೆದರು, ಇತ್ತ ಎಳೆದರು, ಅವಳು ಹೋಗಲೊಲ್ಲಳು. ಮೂಲೆಯಲ್ಲಿ ಸಣ್ಣದೊಂದು ಗುಣಾಕಾರದ ಗುರುತು ಒತ್ತಿದರೆ ಮುಚ್ಚುತ್ತದೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಕಡೆ ನೋಡಲಾರದೆ, ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಪರದೆಯ ಮೇಲೆ ಹೊದಿಸಿ, ಚಪ್ಪಲಿಯನ್ನೂ ಮೆಟ್ಟದೆ ಟೆರೇಸಿಗೆ ಹೋಗಿಬಿಟ್ಟರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಟವೆಲ್ ಎತ್ತಿ ಮುಚ್ಚಿದೆ, ಅಂದರೆ ಅವಳನ್ನು ಮುಚ್ಚಿದೆ. ಮಾವ ಮಧ್ಯಾಹ್ನ ಊಟಕ್ಕೆ ಇಳಿದು ಬಂದವರು ಮುಖವೆತ್ತಲಿಲ್ಲ. ಅಲ್ಲಿಂದ ಮುಂದೆ ಕಂಪ್ಯೂಟರಿನ ಹತ್ತಿರವೂ ಸುಳಿಯಲಿಲ್ಲ.

ಗಂಡನಿಗೆ ಇದು ಬಹಳ ಹತ್ತಿತು. ಅಪ್ಪನ ಮುಂದೆ ಸಿನಿಮಾದ ಹಾಡು ಬಂದರೂ ಎದ್ದು ಹೋಗುವ ಮಗ ಅವರು. ಮತ್ತೆ ಹುಡುಕಾಟ ಶುರುವಾಯಿತು. ಈ ಸಲ ವೇಗ ಬೇಕಿರಲಿಲ್ಲ, ಜರಡಿ ಬೇಕಿತ್ತು. ಕೊಳಕು ಸೈಟಿನ ಹೆಸರು ಕೇಳಿದರೆ ವಿಳಾಸ ಗೊತ್ತಿದ್ದೂ ಹೇಳದೆ, ಅಂಥದ್ದು ಇಲ್ಲಿಲ್ಲ ಎನ್ನುವ ಡಿಎನ್‌ಎಸ್‌ಗಳೂ ಇವೆಯೆಂದು ಅವರು ಕಂಡುಹಿಡಿದರು. ಒಂದೊಂದನ್ನೇ ಹಾಕಿ, ಗೇಜು ಹಾಕಿ ನೋಡುವಂತೆ ನೋಡಿದರು. ಪತ್ರಿಕೆ, ಬ್ಯಾಂಕು, ರೈಲಿನ ಟಿಕೆಟ್ಟು, ಇವು ತೆರೆಯಬೇಕು, ಅದು ಗೋ. ನನ್ನನ್ನು ಅಡುಗೆಮನೆಗೆ ಕಳಿಸಿ ತಾವೊಬ್ಬರೇ ಕೂತು ಇನ್ನೂ ಕೆಲವು ಹೆಸರು ಹೊಡೆದರು, ಅವು ತೆರೆಯಬಾರದು, ಅದು ನೋ-ಗೋ. ಒಂದು ಡಿಎನ್‌ಎಸ್ ಬಹಳ ನಿಧಾನ, ಇನ್ನೊಂದು ಸೋರುತ್ತಿತ್ತು. ಮೂರನೆಯದು ಪಾಸಾಯಿತು. ಅದರಲ್ಲಿ ಖಾತೆ ತೆರೆದು ಯಾವ ಯಾವ ಜಾತಿಯ ಸೈಟು ಬೇಡವೆಂದು ಗುರುತು ಹಾಕಬಹುದಿತ್ತು. ಇವರು ಕಂಡ ಕಂಡದ್ದಕ್ಕೆಲ್ಲ ಗುರುತು ಹಾಕಿದರು. ಎಷ್ಟು ಸಲ ತಡೆದಿದ್ದೇನೆಂದು ವಾರಕ್ಕೊಮ್ಮೆ ತೋರಿಸುವ ಸೌಲಭ್ಯವೂ ಅದರಲ್ಲಿತ್ತು. ರಿಜೆಕ್ಷನ್ ರಿಪೋರ್ಟು ಸಿಕ್ಕಿದ ಇನ್‌ಸ್ಪೆಕ್ಟರನ ಖುಷಿ ಏನೆಂದು ಹೇಳಲಿ!

ಮಾವ ಮತ್ತೆ ಪತ್ರಿಕೆಗೆ ಮರಳಿದರು. ಗಂಡ ಮನೆಗೊಂದು ನಿಯಮ ಮಾಡಿದರು. ಯಾವುದಾದರೂ ಒಳ್ಳೆಯ ಸೈಟು ಅಪ್ಪಿತಪ್ಪಿ ಸಿಕ್ಕಿಹಾಕಿಕೊಂಡರೆ ಭಾನುವಾರ ಊಟಕ್ಕೆ ಕೂತಾಗ ಹೇಳಬೇಕು, ಕಾರಣ ಕೇಳಿ ತೆಗೆಯುತ್ತಾರೆ. ಡೀವಿಯೇಷನ್. ರಜೆಗೆ ಬಂದ ಮಗಳು ಯಾವುದೋ ಹಾಡಿನ ಸೈಟಿಗೆ ಕಾರಣ ಹೇಳಿ ಬಿಡಿಸಿಕೊಂಡಳು. ನಾನು ಒಂದು ಸೀರೆಯ ಅಂಗಡಿಯದನ್ನು ಬಿಡಿಸಿಕೊಂಡೆ. ಎಲ್ಲರಿಗೂ ತಮಾಷೆಯಾಗಿತ್ತು.

ಆ ಮಳೆಗಾಲದಲ್ಲಿ ಸ್ನಾನ ಮಾಡುವಾಗ ನನ್ನ ಎಡಗಡೆಯ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಅವರೆಕಾಳಿನಷ್ಟು. ಒತ್ತಿದರೆ ನೋವಿಲ್ಲ. ಇವತ್ತು ಹೋಗುತ್ತದೆ, ನಾಳೆ ಹೋಗುತ್ತದೆ ಎಂದು ನೋಡಿದೆ, ಹೋಗಲಿಲ್ಲ. ಹೆದರಿಕೆಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಹೆದರಿಕೆಯಾಯಿತು. ಆದರೂ ನೋವಿಲ್ಲದ್ದಕ್ಕೆ ಯಾಕೆ ಡಾಕ್ಟರು, ಸುಮ್ಮನೆ ಕುಪ್ಪಸ ಬಿಚ್ಚಿಸುತ್ತಾರೆ ಎನ್ನಿಸಿ, ಮೊದಲು ಓದಿ ನೋಡೋಣ, ತೋರಿಸುವಂಥದ್ದಾದರೆ ತೋರಿಸೋಣ ಎಂದುಕೊಂಡೆ. ಈಗ ಇದನ್ನು ಬರೆಯುವಾಗ ಆ ನನ್ನನ್ನು ಹಿಡಿದು ನಾಲ್ಕು ಬಾರಿಸಬೇಕೆನಿಸುತ್ತದೆ.

ಓದುವುದಾದರೂ ಎಲ್ಲಿ? ಆಫೀಸಿನಲ್ಲಿ ನನ್ನ ಕುರ್ಚಿಯ ಬೆನ್ನಿಗೇ ಮಾಲೀಕರ ಮೇಜು. ಸೈಬರ್ ಸೆಂಟರಿನಲ್ಲಿ ಪಕ್ಕದವನ ಕಣ್ಣು ನಮ್ಮ ಪರದೆಯ ಮೇಲೇ. ನನ್ನ ಮೊಬೈಲು ಕರೆಗೆ ಮಾತ್ರ ಲಾಯಕ್ಕು. ಮನೆಯದೇ ಸರಿ ಎಂದು ಒಂದು ಶನಿವಾರ ಬೇಗ ಬಂದೆ. ಮಾವ ಕೆಳಗೆ ಅಂಗಡಿ ಕಟ್ಟೆಯಲ್ಲಿದ್ದರು. ಇಂಗ್ಲಿಷಿನಲ್ಲಿ ಎರಡು ಪದ ಹೊಡೆದು ಹುಡುಕಿದೆ. ಸಾಲು ಸಾಲು ಬಂದವು. ಮೊದಲನೆಯದು ಹೊರದೇಶದ ಹೆಂಗಸರು ಈ ಕಾಯಿಲೆಗೆಂದೇ ಮಾಡಿಕೊಂಡ ಸೈಟು, ಅದರ ಹೆಸರಿನಲ್ಲೇ ಎದೆಯೆಂಬ ಪದವಿತ್ತು. ಒತ್ತಿದೆ. ಬಂದದ್ದು ಬೇರೆ ಪುಟ. ಈ ಸೈಟನ್ನು ತಡೆಯಲಾಗಿದೆ, ಕಾರಣ ನಗ್ನತೆ ಎಂದಿತ್ತು. ಎರಡನೆಯದನ್ನು ಒತ್ತಿದೆ. ಅದಕ್ಕೂ ಅದೇ ಉತ್ತರ. ಮೂರನೆಯದೋ ನಾಲ್ಕನೆಯದೋ ತೆರೆಯುತ್ತಿತ್ತೇನೋ. ಒತ್ತುವ ಧೈರ್ಯ ಉಳಿದಿರಲಿಲ್ಲ. ನಡುರಸ್ತೆಯಲ್ಲಿ ಯಾರೋ ಗದರಿಸಿದಂತಾಗಿ ಕಂಪ್ಯೂಟರ್ ಆರಿಸಿಬಿಟ್ಟೆ. ನನ್ನ ಮೈಗೆ ಬಂದ ಕಾಯಿಲೆ, ನನ್ನ ಮನೆಯ ಕಂಪ್ಯೂಟರು, ನಗ್ನತೆಯಂತೆ! ಥೂ, ಇವರ ಜರಡಿಗಿಷ್ಟು.

ಮರುದಿನ ಭಾನುವಾರ. ಊಟಕ್ಕೆ ಕೂತಾಗ ಗಂಡ ಬಹಳ ಸಂತೋಷದಿಂದಿದ್ದರು. ಬೆಳಿಗ್ಗೆ ಅವರು ತಮ್ಮ ರಿಪೋರ್ಟು ನೋಡಿದ್ದರು. ಅಪ್ಪನೆದುರು ಹೆಸರು ಹೇಳುವಂತಿಲ್ಲವಲ್ಲ, ಹಾಗಾಗಿ ಒಟ್ಟಾರೆಯಾಗಿ ಹೇಳಿದರು.

“ಈ ವಾರಾನೂ ಒಂದಿಷ್ಟು ಕೊಳಕು ಬಂದಿತ್ತು ಅಪ್ಪಾಜಿ. ಒಂದನ್ನೂ ಒಳಗೆ ಬಿಟ್ಟಿಲ್ಲ, ಎಲ್ಲಾ ಹೊಸ್ತಿಲಾಚೆನೇ ನಿಲ್ಸಿದೆ.”

ಮಾವ ತಲೆಯಾಡಿಸಿದರು. ನಾನು ಸಾರಿನ ಸೌಟು ಹಿಡಿದು ನಿಂತಿದ್ದೆ. ಆ ಕೊಳಕಿನಲ್ಲಿ ಎರಡು ನನ್ನವು. ಜಾಹೀರಾತುಗಳ ಜೊತೆ ಸೇರಿಹೋಗಿವೆ, ನನ್ನವೆಂದು ಅವರಿಗೆ ಗೊತ್ತಾಗಿಲ್ಲ ಎಂದು ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಕೋಪ. ಬಿಡಿಸಿಕೊಳ್ಳುವುದು ಏನಾದರೂ ಇದೆಯಾ ಎಂದು ಗಂಡ ನನ್ನನ್ನು ಕೇಳಿದರು. ಮಾವ ಎದುರಿಗೇ ಕೂತಿದ್ದಾರೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವರೆದುರು ಸೆರಗು ಸರಿಮಾಡಿಕೊಳ್ಳದೆ ನಿಂತವಳಲ್ಲ ನಾನು. ಏನೂ ಇಲ್ಲ ಎಂದೆ.

ಗಂಡನಿಗೆ ಒಬ್ಬರಿಗೇ ಕೋಣೆಯಲ್ಲಿ ಹೇಳಬಹುದಿತ್ತಲ್ಲ ಎಂದು ಆಮೇಲೆ ಎಲ್ಲರೂ ಕೇಳಿದ್ದಾರೆ, ತಂಗಿ ಕೇಳಿದ್ದಾಳೆ, ಮಗಳು ಅಳುತ್ತ ಕೇಳಿದ್ದಾಳೆ. ಹೇಳಬಹುದಿತ್ತು. ಆದರೆ ನನಗೆ ಹಟ ಬಂದಿತ್ತು. ನಾನು ಕೇಳಿದ ಮಾತನ್ನು ಕೊಳಕೆಂದು ಹೊಸ್ತಿಲಾಚೆ ನಿಲ್ಲಿಸಿದವರ ಹತ್ತಿರ ನಾನೇಕೆ ಹೋಗಿ ಕಾರಣ ಒಪ್ಪಿಸಲಿ? ಹಟದ ಕೆಳಗೆ ಹೆದರಿಕೆಯೂ ಇತ್ತು. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ. ಹೇಳದಿದ್ದರೆ ಬರೀ ಅವರೆಕಾಳು.

ಹೀಗೇ ಭಾನುವಾರಗಳು ಬಂದು ಹೋದವು. ಗಂಡ ರಿಪೋರ್ಟು ಹೇಳುವುದು, ಬಿಡಿಸಿಕೊಳ್ಳುವುದೇನಾದರೂ ಇದೆಯಾ ಎಂದು ಕೇಳುವುದು, ನಾನು ಇಲ್ಲ ಎನ್ನುವುದು. ಕೆಲಸಕ್ಕೆ ಹೋಗುತ್ತಿದ್ದೆ, ಲೆಕ್ಕ ಬರೆಯುತ್ತಿದ್ದೆ, ಬಸ್ಸಿನಲ್ಲಿ ನಿಂತಾಗ ಎಡಗೈ ಎತ್ತಿ ಕಂಬಿ ಹಿಡಿಯಲು ಭಯವಾಗುತ್ತಿತ್ತು. ದಸರೆಯ ಹೊತ್ತಿಗೆ ಗಂಟು ಹುಣಸೆಬೀಜವನ್ನು ಮೀರಿತ್ತು. ಒಂದು ದಿನ ಕನ್ನಡಿಯಲ್ಲಿ ನೋಡಿಕೊಂಡರೆ ಅದರ ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿತ್ತು.

ಆ ವಾರದ ಭಾನುವಾರ ರೊಟ್ಟಿ, ಎಣ್ಣೆಗಾಯಿ, ಅನ್ನ, ಸಾರು ಮಾಡಿದ್ದೆ. ಮಾವ ರೊಟ್ಟಿ ಮುಗಿಸಿ ಅನ್ನಕ್ಕೆ ಸಾರು ಕಲಸಿಕೊಂಡಿದ್ದರು. ಗಂಡ ಎಂದಿನಂತೆ, ಈ ವಾರ ಬಿಡಿಸಿಕೊಳ್ಳುವುದು ಏನಾದರೂ ಉಂಟಾ ಎಂದರು. ಅದನ್ನು ಕೇಳುವಾಗ ಅವರು ಸ್ವಲ್ಪ ನಗುತ್ತಿದ್ದರು. ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ.

“ಉಂಟು” ಎಂದೆ. “ಎರಡು ಸೈಟ್ ಬಿಡ್ಬೇಕು.”

“ಯಾವ್ದು? ಕಾರಣ ಹೇಳು.”

“ನನ್ನ ಎದೇಲಿ ಗಂಟಿದೆ ಕಣ್ರೀ. ಮಳೆಗಾಲದಿಂದ ಇದೆ. ಅದೇನು ಅಂತ ಓದ್ಬೇಕಿತ್ತು. ನಿಮ್ಮ ಯಂತ್ರ ಅದನ್ನ ಕೊಳಕು ಅಂತು.”

ಇಷ್ಟನ್ನೂ ಮಾವನೆದುರೇ ಹೇಳಿದೆ. ಸೆರಗಿನ ನೆನಪು ಕೂಡ ಆಗಲಿಲ್ಲ.

ಕೆಳಗಿನ ರಸ್ತೆಯಲ್ಲಿ ತರಕಾರಿ ಗಾಡಿಯವನು ಕೂಗುತ್ತ ಹೋದ. ಗಂಡ ಕೈ ತೊಳೆಯದೆಯೇ ಎದ್ದು ಹೋಗಿ ಕಂಪ್ಯೂಟರ್ ಹಚ್ಚಿದರು. ಎಡಗೈಯಲ್ಲಿ ಖಾತೆಯ ಪಾಸ್‌ವರ್ಡ್ ಹೊಡೆಯುತ್ತಿದ್ದರು, ಅದು ತಪ್ಪುತ್ತಿತ್ತು, ಮತ್ತೆ ಹೊಡೆಯುತ್ತಿದ್ದರು. ಸೈಟು ಬಿಡಿಸಲು ಹೊರಟಿದ್ದರು ಆ ಮನುಷ್ಯ! ಕಾರಣ ಹೇಳಿದ್ದೇನೆ, ಕಾರಣ ಸರಿಯಾಗಿದೆ, ಇನ್ನು ಬಿಡಿಸುವುದೇ. ಅವರಿಗೆ ಆ ಗಳಿಗೆಯಲ್ಲಿ ಬೇರೇನೂ ತೋಚಲಿಲ್ಲ. ನನ್ನ ಕೋಪವೆಲ್ಲ ಎಲ್ಲಿ ಇಳಿದುಹೋಯಿತೋ, ಪಾಪ ಎನ್ನಿಸಿಬಿಟ್ಟಿತು.

ಆಗ ಮಾವ ಎದ್ದರು. ಕಲಸಿದ ಅನ್ನ ತಟ್ಟೆಯಲ್ಲಿ ಅರ್ಧ ಹಾಗೇ ಇತ್ತು. ಅದನ್ನು ಬಿಟ್ಟು ಎದ್ದು, ಕೈ ತೊಳೆದು, ಗೂಟದ ಮೇಲಿನ ಕೋಟು ತೆಗೆದುಕೊಂಡರು.

“ಅದನ್ನ ಆರ್ಸೋ” ಎಂದರು ಮಗನಿಗೆ. ಆಮೇಲೆ ನನ್ನ ಕಡೆ ತಿರುಗಿ, “ಚಪ್ಪಲಿ ಹಾಕ್ಕೊಳವ್ವ. ಆಟೋ ತರ್ತೀನಿ” ಎಂದರು.

ಭಾನುವಾರ ದೊಡ್ಡ ಡಾಕ್ಟರು ಇರುವುದಿಲ್ಲ, ನಾಳೆ ಹೋಗೋಣ ಎಂದು ಗಂಡ ಏನೋ ಹೇಳಿದರು. ಮಾವ ಅಷ್ಟರಲ್ಲಿ ಮೆಟ್ಟಿಲಿಳಿದಾಗಿತ್ತು. ಸಣ್ಣ ಡಾಕ್ಟರಾದರೂ ಇರುತ್ತಾರೆ ಎಂಬ ಮಾತು ಕೆಳಗಿನಿಂದ ಕೇಳಿಸಿತು. ನಾನು ಮೇಜಿನ ಮೇಲಿದ್ದ ಅವರ ತಟ್ಟೆಯನ್ನೇ ನೋಡುತ್ತ ನಿಂತೆ. ಬಸ್ಸು ತಪ್ಪಿದರೂ ತಟ್ಟೆ ಬಿಡದ ಮನುಷ್ಯ ಅನ್ನ ಬಿಟ್ಟು ಎದ್ದದ್ದು ನಾನು ಕಂಡಂತೆ ಅದೊಂದೇ ಸಲ. ಗಂಟು ಸಿಕ್ಕಿದಾಗಿನಿಂದ ಅಳದವಳು ಆಗ ಅತ್ತೆ.

ಅವತ್ತು ಹತ್ತಿರದ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನೋಡಿ, ಇನ್ನು ತಡಮಾಡಬೇಡಿ ಎಂದು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಸೂಜಿ ಹಾಕಿ ತೆಗೆದು ಪರೀಕ್ಷೆ ಮಾಡಿದರು. ಕೆಟ್ಟ ಗಂಟೇ ಆಗಿತ್ತು. ಆಪರೇಷನ್ ಮಾಡುವ ಡಾಕ್ಟರಮ್ಮ ನನ್ನನ್ನೂ ಗಂಡನನ್ನೂ ಎದುರಿಗೆ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಕಂಕುಳಿಗೂ ಸ್ವಲ್ಪ ಹಬ್ಬಿದೆ, ಎದೆ ಉಳಿಸುವುದು ಕಷ್ಟ, ಜೀವಕ್ಕೆ ಭರವಸೆಯಿದೆ. ಮೊದಲು ಯಾವಾಗ ಗೊತ್ತಾಯಿತು ಎಂದು ಅವರು ಕೇಳಿದರು. ಮಳೆಗಾಲದಲ್ಲಿ ಎಂದೆ. ಆಗಲೇ ಬಂದಿದ್ದರೆ ಗಂಟಷ್ಟನ್ನೇ ತೆಗೆಯಬಹುದಿತ್ತು, ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದರು. ಅವರು ಗದರಿಸಲಿಲ್ಲ, ದಿನಾ ಎಷ್ಟೋ ಜನರನ್ನು ಕೇಳುವ ಪ್ರಶ್ನೆ ಅದು. ಗಂಡ ನನ್ನ ಮುಖ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು.

ಹೊರಗೆ ಬೆಂಚಿನ ಮೇಲೆ ಕೂತಾಗ ಗಂಡ ಅದನ್ನೇ ಮತ್ತೆ ಕೇಳಿದರು. ಯಾಕೆ ಹೇಳಲಿಲ್ಲ ನನಗೆ?

“ಕಾರಣ ಹೇಳ್ಬೇಕಿತ್ತಲ್ರೀ” ಎಂದೆ.

ಚುಚ್ಚಬೇಕೆಂದು ಹೇಳಿದ್ದಲ್ಲ. ಅದೇ ನಿಜವಾಗಿತ್ತು, ಹೇಳಿದೆ. ಅವರು ಅಲ್ಲೇ, ಅಷ್ಟು ಜನರ ನಡುವೆ, ಮುಖ ಮುಚ್ಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆಪರೇಷನ್ ಆಯಿತು, ಔಷಧಿ ಏರಿಸಿದ್ದಾಯಿತು, ಕೂದಲು ಉದುರಿದ್ದೂ ಮತ್ತೆ ಬಂದದ್ದೂ ಆಯಿತು. ಎಡಗಡೆ ಈಗ ಚಪ್ಪಟೆ. ಕುಪ್ಪಸದೊಳಗೆ ಹತ್ತಿಯ ಬಟ್ಟೆ ಮಡಚಿ ಇಟ್ಟುಕೊಳ್ಳುತ್ತೇನೆ. ಅದರ ಬಗ್ಗೆ ಇನ್ನೇನೂ ಬರೆಯಬೇಕೆನಿಸುವುದಿಲ್ಲ. ಬದುಕಿದ್ದೇನೆ, ಬೈಯುತ್ತಿದ್ದೇನೆ, ಅಷ್ಟು ಸಾಕು.

ಮನೆಯಲ್ಲಿ ಮಲಗಿದ್ದ ದಿನಗಳಲ್ಲಿ ಗಂಡ ಒಂದು ಮಧ್ಯಾಹ್ನ ರೂಟರನ್ನು ಮೇಜಿನ ಮೇಲಿಟ್ಟುಕೊಂಡು ಕೂತರು. ಆ ಖಾತೆ ಮುಚ್ಚಿದ್ದೇನೆ, ಇನ್ನು ಯಾವ ಡಿಎನ್‌ಎಸ್ ಹಾಕಲಿ ನೀನೇ ಹೇಳು ಎಂದರು. ಅಷ್ಟು ವರ್ಷದಲ್ಲಿ ಮನೆಯ ಯಾವುದನ್ನೂ ಹೀಗೆ ನನ್ನ ಕೇಳಿ ಆರಿಸಿದವರಲ್ಲ. ಜರಡಿಯನ್ನು ಸ್ವಲ್ಪ ಸಡಿಲ ಮಾಡಿ ಅದನ್ನೇ ಇಟ್ಟುಕೊಳ್ಳಬಹುದು, ನಿಮ್ಮ ಅಪ್ಪನಿಗೆ ಬೇಕಲ್ಲ ಎಂದೆ. ಬೇಡ ಎಂದರು. ಹಾಗಾದರೆ ಮೊದಲಿನದೇ ಹಾಕಿ, ಕೇಳಿದ್ದಕ್ಕೆ ವಿಳಾಸ ಹೇಳಿದರೆ ಸಾಕು, ಒಳ್ಳೆಯದು ಕೆಟ್ಟದ್ದು ನಾವು ನೋಡಿಕೊಳ್ಳೋಣ ಎಂದೆ. ಹಾಕಿದರು. ಹಾಕುವಾಗ ನಂಬರನ್ನು ಗಟ್ಟಿಯಾಗಿ ಓದಿ ನನಗೂ ತೋರಿಸಿದರು, ಪಾಸ್‌ವರ್ಡನ್ನೂ ಹೇಳಿದರು.

ಅವರು ಡ್ಯೂಟಿಗೆ ಹೋದ ಮೇಲೆ ನಾನು ಎದ್ದು ಆ ಸೈಟನ್ನು ತೆರೆದೆ. ತಿಳಿಯಾದ ಬಣ್ಣದ ಸಾದಾ ಪುಟ. ಹೆಂಗಸರು ಕೈಯೆತ್ತಿ ತಮ್ಮನ್ನು ತಾವೇ ಹೇಗೆ ಪರೀಕ್ಷಿಸಿಕೊಳ್ಳಬೇಕೆಂದು ಚಿತ್ರಗಳಿದ್ದವು. ಅದಕ್ಕೇ ಆ ಜರಡಿಗೆ ನಗ್ನತೆ ಕಂಡಿರಬೇಕು. ಮೇಲೇ ದಪ್ಪಕ್ಷರದಲ್ಲಿ ಬರೆದಿತ್ತು, ನೋವಿಲ್ಲದಿದ್ದರೂ ಗಂಟು ಕಂಡರೆ ಕೂಡಲೇ ಡಾಕ್ಟರಿಗೆ ತೋರಿಸಿ ಎಂದು. ಇನ್ನೂ ಎಷ್ಟೋ ಇತ್ತು. ನನಗೆ ಬೇಕಾಗಿದ್ದದ್ದು ಆ ಒಂದು ಸಾಲು.

ಓದುತ್ತ ಕೂತಿದ್ದಾಗ ಮಾವ ಬಂದರು. ಪತ್ರಿಕೆ ನೋಡುವ ಹೊತ್ತದು. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಈಗ ಜರಡಿ ಇಲ್ಲ ಮಾವ, ಅವತ್ತಿನಂಥವು ಬಂದರೂ ಬರಬಹುದು ಎಂದು ಎಚ್ಚರಿಸಿದೆ. ಹೇಳುವಾಗ ನನಗೇ ನಾಚಿಕೆಯಾಯಿತು. ಅವರು ಕನ್ನಡಕ ಒರೆಸಿ ಹಾಕಿಕೊಂಡು, ನನ್ನ ಪುಟವನ್ನು ಒಂದು ಕ್ಷಣ ನೋಡಿ, ಮೌಸನ್ನು ಮೆಲ್ಲಗೆ ಮೂಲೆಯ ಗುಣಾಕಾರದ ಗುರುತಿಗೆ ಒಯ್ದು ನಿಲ್ಲಿಸಿದರು. ನಾನು ಆಸ್ಪತ್ರೆಯಲ್ಲಿದ್ದಾಗ ಮಗಳ ಹತ್ತಿರ ಕೇಳಿ ಕಲಿತಿದ್ದರಂತೆ.

“ನೀನು ಓದಿದ್ದಾತೇನವ್ವ?” ಎಂದು ಕೇಳಿದರು.

ಆಯಿತು ಎಂದ ಮೇಲೆಯೇ ಒತ್ತಿದರು.

“ಅಂಥವು ಬಂದ್ರೆ ಬರ್ಲಿ ಬಿಡು. ಮುಚ್ಚೋದು ನಂಗೆ ಬರ್ತತಿ.”